ರೇಷ್ಮೆ ಮೊಟ್ಟೆಗಳ ಸುರಕ್ಷಿತ ಸಾಗಾಣಿಕೆ: ಮೊಟ್ಟೆಗೆ ಬೇಡಿಕೆ ಸಲ್ಲಿಸುವ ರೈತರಿಗೆ ಮಾಹಿತಿ

ಬಿತ್ತನೆ ಕೋಠಿಯಿಂದ ಪಡೆಯುವ ರೇಷ್ಮೆ ಮೊಟ್ಟೆಯು ಜೀವಂತ ವಸ್ತುವಾಗಿರುತ್ತದೆ. ಒಂದು ಗ್ರಾಂ ತೂಕಕ್ಕೆ ಸುಮಾರು 1,700ರಿಂದ 2,000 ಮೊಟ್ಟೆಗಳು ಬರುವಷ್ಟು ಅದು ಸಣ್ಣದಾದರೂ ಒಳಗಿನ ಭ್ರೂಣವು ಉಸಿರಾಡುತ್ತದೆ, ತೇವಾಂಶವನ್ನು ಕಳೆದುಕೊಳ್ಳುತ್ತದೆ, ಶಾಖಕ್ಕೆ ಬಳಲುತ್ತದೆ. ಕೋಳಿ ಮೊಟ್ಟೆಯು ದಾರಿಯಲ್ಲಿ ಒಡೆದರೆ ಕೂಡಲೇ ಕಣ್ಣಿಗೆ ಬೀಳುತ್ತದೆ. ರೇಷ್ಮೆ ಮೊಟ್ಟೆಯು ಹಾಗಲ್ಲ. ಬಿಸಿಲು, ಒಣಗಾಳಿ ಅಥವಾ ಔಷಧದ ಘಾಟಿನಿಂದ ಕೆಟ್ಟಿದ್ದರೂ ಮನೆ ತಲುಪುವ ವೇಳೆಗೆ ಅದು ನೋಡಲು ಮೊದಲಿನಂತೆಯೇ ಇರುತ್ತದೆ. ಕೆಟ್ಟದ್ದು ತಿಳಿಯುವುದು ಮರಿ ಹುಳು ಹೊರಬರಬೇಕಾದ ದಿನ. ಕೆಲವೊಮ್ಮೆ ಅದಕ್ಕಿಂತಲೂ ತಡವಾಗಿ, ಗೂಡಿನ ಇಳುವರಿಯಲ್ಲಿ.

“100 ಮೊಟ್ಟೆ” ಎಂದರೆ ಎಷ್ಟು?

ಹೊಸದಾಗಿ ಅರ್ಜಿ ಸಲ್ಲಿಸುವವರಿಗೆ ಈ ಲೆಕ್ಕ ಗೊಂದಲ ಉಂಟುಮಾಡುವುದುಂಟು. ರೇಷ್ಮೆ ಕೃಷಿಯಲ್ಲಿ 100 ಮೊಟ್ಟೆ ಎಂದರೆ ರೋಗರಹಿತವೆಂದು ಪರೀಕ್ಷಿಸಲಾದ 100 ತಾಯಿ ಚಿಟ್ಟೆಗಳು ಇಟ್ಟ ಮೊಟ್ಟೆಗಳು; ಅಂದರೆ ಸುಮಾರು 40,000ದಿಂದ 50,000 ಮರಿ ಹುಳುಗಳು. ಕೈಚೀಲದಲ್ಲಿ ಹಿಡಿಸುವ ಈ ಪೊಟ್ಟಣವನ್ನು ನಂಬಿಕೊಂಡು ರೈತನ ಒಂದು ಬೆಳೆಯ ಸೊಪ್ಪು, ಕೂಲಿ ಮತ್ತು ಮನೆಮಂದಿಯ ಸುಮಾರು ಒಂದು ತಿಂಗಳ ದುಡಿಮೆ ಇರುತ್ತದೆ.

ಸಾಗಾಣಿಕೆಯಲ್ಲಿ ಪೆಟ್ಟು ತಿಂದ ಮೊಟ್ಟೆಗಳೆಲ್ಲವೂ ಸಾಯುವುದಿಲ್ಲ. ಹೆಚ್ಚಿನ ನಷ್ಟ ಆಗುವುದೇ ಇಲ್ಲಿ. ಒಂದೇ ಬೆಳಿಗ್ಗೆ ಹೊರಬರಬೇಕಾದ ಮರಿಗಳು ಎರಡು ಮೂರು ದಿನಗಳಲ್ಲಿ ಹಂಚಿಹೋಗಿ ಹೊರಬರುತ್ತವೆ. ಅವನ್ನು ಒಂದೇ ತಟ್ಟೆಯಲ್ಲಿ ಸಾಕಿದರೆ ಕೆಲವು ಜ್ವರಕ್ಕೆ ಕುಳಿತಾಗ ಉಳಿದವು ಮೇಯುತ್ತಿರುತ್ತವೆ. ಜ್ವರದಲ್ಲಿರುವ ಹುಳುವಿನ ಮೇಲೆ ಸೊಪ್ಪು ಬೀಳುತ್ತದೆ. ಸೊಪ್ಪು ನಿಲ್ಲಿಸಿದರೆ ಹಿಂದುಳಿದ ಹುಳು ಹಸಿಯುತ್ತದೆ. ಹೀಗೆ ಬಲಗುಂದಿದ ಹುಳುಗಳಿಗೆ ಹಾಲುತೊಂಡೆ, ಸಪ್ಪೆ ರೋಗಗಳು ಬೇಗ ತಗಲುತ್ತವೆ. ಆ ಹೊತ್ತಿಗೆ ದೂರುವುದು ಸೊಪ್ಪನ್ನೋ ಹವಾಮಾನವನ್ನೋ ಆಗಿರುತ್ತದೆ. ಮೊಟ್ಟೆ ತಂದ ದಿನದ ಮಧ್ಯಾಹ್ನದ ಬಿಸಿಲು ಯಾರ ನೆನಪಿನಲ್ಲಿಯೂ ಇರುವುದಿಲ್ಲ.

ಮೊಟ್ಟೆ ಪಡೆಯುವಾಗ

ಮೊಟ್ಟೆಗಳನ್ನು ಸರ್ಕಾರಿ ಅಥವಾ ಪರವಾನಗಿ ಪಡೆದ ಬಿತ್ತನೆ ಕೋಠಿಗಳಿಂದ ಮಾತ್ರ ಪಡೆಯತಕ್ಕದ್ದು. ರಾಜ್ಯದಲ್ಲಿ ರೇಷ್ಮೆ ಬಿತ್ತನೆಯ ಉತ್ಪಾದನೆ ಮತ್ತು ಮಾರಾಟವನ್ನು ನಿಯಂತ್ರಿಸಲು 1959ರಲ್ಲಿಯೇ ಕಾಯಿದೆ ರೂಪುಗೊಂಡಿತು. 2006ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಕಾಯಿದೆಗೆ ತಂದ ತಿದ್ದುಪಡಿಯು ಬಿತ್ತನೆಯ ಗುಣಮಟ್ಟಕ್ಕೆ ಸಂಬಂಧಿಸಿದ್ದು. ಪೆಬ್ರಿನ್ ಅಥವಾ ಗಂಟು ರೋಗವು ತಾಯಿ ಚಿಟ್ಟೆಯಿಂದ ಮೊಟ್ಟೆಯ ಮೂಲಕವೇ ಮರಿಗೆ ಹರಡುವುದು ಇದಕ್ಕೆ ಮುಖ್ಯ ಕಾರಣ. 1860ರ ದಶಕದಲ್ಲಿ ಈ ರೋಗದಿಂದ ಯುರೋಪಿನ ರೇಷ್ಮೆ ಕೃಷಿ ನೆಲಕಚ್ಚಿ, ಅಲ್ಲಿನ ವ್ಯಾಪಾರಿಗಳು ಜಪಾನಿನಿಂದ ಹಡಗಿನಲ್ಲಿ ಮೊಟ್ಟೆ ಹಾಳೆಗಳನ್ನು ತರಿಸುವಂತಾಯಿತು. ಅದೇ ದಶಕದಲ್ಲಿ ಲೂಯಿ ಪಾಶ್ಚರ್ ರೂಪಿಸಿದ ತಾಯಿ ಚಿಟ್ಟೆ ಪರೀಕ್ಷೆಯೇ ಇಂದಿಗೂ ರೋಗರಹಿತ ಮೊಟ್ಟೆ ತಯಾರಿಕೆಗೆ ಆಧಾರ. ಚೀಟಿಯಿಲ್ಲದ ಮೊಟ್ಟೆ ಎಷ್ಟೇ ಅಗ್ಗವಾದರೂ ಕೊಳ್ಳಬಾರದು.

ಚೀಟಿಯಲ್ಲಿ ತಳಿ, ತಂಡದ ಸಂಖ್ಯೆ ಮತ್ತು ಮೊಟ್ಟೆ ಇಟ್ಟ ದಿನಾಂಕವನ್ನು ನೋಡಿಕೊಳ್ಳಬೇಕು. ದ್ವಿತಳಿ ಮೊಟ್ಟೆಯನ್ನು ಶೀತಗೃಹದಿಂದ ತೆಗೆದದ್ದಾದರೆ ಹೊರತೆಗೆದ ದಿನಾಂಕವನ್ನೂ ಕೇಳಿ ಬರೆದುಕೊಳ್ಳುವುದು ಅಗತ್ಯ. ಮರಿ ಹೊರಬರಲು ಎರಡು ದಿನ ಇರುವಾಗ ಮೊಟ್ಟೆಯ ಮೇಲೆ ಸೂಜಿ ಮೊನೆಯಷ್ಟು ಕಪ್ಪು ಚುಕ್ಕೆ ಕಾಣಿಸಿಕೊಳ್ಳುತ್ತದೆ. ಹಿಂದಿನ ದಿನ ಇಡೀ ಮೊಟ್ಟೆ ನೀಲಿಯಾಗುತ್ತದೆ. ಚುಕ್ಕೆ ಮೂಡುವ ಮುನ್ನವೇ ಮೊಟ್ಟೆ ಹುಳು ಮನೆಯಲ್ಲಿರುವಂತೆ ದಿನ ಗೊತ್ತುಪಡಿಸಿಕೊಳ್ಳುವುದು ಉತ್ತಮ. ನೀಲಿಯಾದ ಮೊಟ್ಟೆಯನ್ನು ದೂರ ಒಯ್ದರೆ ಮರಿಗಳು ದಾರಿಯಲ್ಲಿಯೇ ಹೊರಬರುವ ಸಂಭವವಿದೆ.

ದಾರಿಯಲ್ಲಿ

ಬೆಳಗಿನ ಅಥವಾ ಸಂಜೆಯ ತಂಪು ಹೊತ್ತಿನಲ್ಲಿಯೇ ಪ್ರಯಾಣಿಸತಕ್ಕದ್ದು. ಮೊಟ್ಟೆಗೆ ಹಿತವಾದ ಉಷ್ಣಾಂಶ 25 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 75ರಿಂದ 80. ಬಿಸಿಲಿನಲ್ಲಿ ನಿಲ್ಲಿಸಿದ ಮುಚ್ಚಿದ ಕಾರು ಸ್ವಲ್ಪ ಹೊತ್ತಿನಲ್ಲಿಯೇ ಈ ಮಿತಿಯನ್ನು ಬಹಳ ಮೀರುತ್ತದೆ. ಗಾಳಿಯಾಡುವ ರಂಧ್ರಗಳಿರುವ ರಟ್ಟಿನ ಪೆಟ್ಟಿಗೆ ಅಥವಾ ಬಿದಿರಿನ ಬುಟ್ಟಿ ಸೂಕ್ತ. ಹೊರಗೆ ಹಿಂಡಿದ ಒದ್ದೆ ಬಟ್ಟೆ ಸುತ್ತಬಹುದು. ನೀರು ಮೊಟ್ಟೆಗೆ ತಾಗಬಾರದು, ಮಂಜುಗಡ್ಡೆಯನ್ನು ಒಳಗಿಡಬಾರದು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಮೊಟ್ಟೆ ಉಸಿರುಗಟ್ಟುತ್ತದೆ. ಹಾಳೆಗಳನ್ನು ಬಿಗಿಯಾಗಿ ಸುರುಳಿ ಸುತ್ತುವುದಾಗಲಿ, ಬಿಡಿ ಮೊಟ್ಟೆಗಳನ್ನು ದಪ್ಪವಾಗಿ ರಾಶಿ ಹಾಕುವುದಾಗಲಿ ಸಲ್ಲದು.

ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಇರಿಸಿಕೊಳ್ಳುವುದೇ ಕ್ಷೇಮ. ಎಂಜಿನ್ ಬಾನೆಟ್ಟಿನ ಮೇಲೆ, ಬಸ್ಸಿನ ಮಾಡಿನ ಮೇಲೆ ಅಥವಾ ಬೈಕಿನ ಟ್ಯಾಂಕಿನ ಮೇಲೆ ಇಡಕೂಡದು. ಪೇಟೆಗೆ ಹೋದ ದಿನವೇ ಗೊಬ್ಬರದ ಅಂಗಡಿಯ ಕೆಲಸವನ್ನೂ ಮುಗಿಸಿಕೊಂಡು ಬರುವುದು ವಾಡಿಕೆಯಾದರೂ ಕೀಟನಾಶಕ, ರಸಗೊಬ್ಬರ ಮತ್ತು ಮೊಟ್ಟೆ ಒಂದೇ ಚೀಲದಲ್ಲಿ, ಒಂದೇ ಸೀಟಿನಲ್ಲಿ ಬರಬಾರದು. ಬೀಡಿ, ಸಿಗರೇಟು, ಹೊಗೆಸೊಪ್ಪಿಗೂ ಇದು ಅನ್ವಯಿಸುತ್ತದೆ.

ಅಂಚೆ ಅಥವಾ ಕೊರಿಯರ್ ಮೂಲಕ ತರಿಸಬಹುದೇ?

ಜೇನುನೊಣ, ಜಿಗಣೆಗಳ ಜೊತೆಗೆ ರೇಷ್ಮೆ ಹುಳುವನ್ನೂ ಅಂಚೆಯಲ್ಲಿ ಕಳುಹಿಸಲು ವಿಶ್ವ ಅಂಚೆ ಒಕ್ಕೂಟದ ನಿಯಮಗಳಲ್ಲಿ ಹಿಂದಿನಿಂದಲೂ ಅವಕಾಶ ಕಲ್ಪಿಸಲಾಗಿದೆ. ಆದಾಗ್ಯೂ ನಿಯಮ ಒಪ್ಪಿದ ಮಾತ್ರಕ್ಕೆ ಮೊಟ್ಟೆ ಒಪ್ಪುವುದಿಲ್ಲ. ಪಾರ್ಸೆಲ್ ಎಷ್ಟು ಹೊತ್ತು ಯಾವ ಗೋದಾಮಿನಲ್ಲಿ, ಯಾವ ಸರಕಿನ ಪಕ್ಕದಲ್ಲಿ ಇತ್ತೆಂಬುದು ಪಡೆಯುವವರಿಗೆ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಈ ಮಾರ್ಗವನ್ನು ಬಿಡುವುದೇ ಲೇಸು. ಅನಿವಾರ್ಯವಾದಲ್ಲಿ ಮರುದಿನವೇ ತಲುಪುವಂತೆ, ನಡುವೆ ರಜಾ ದಿನ ಬಾರದಂತೆ ಕಳುಹಿಸಲು ಕೋಠಿಗೆ ತಿಳಿಸಿ, ಪೆಟ್ಟಿಗೆಯ ಮೇಲೆ “ಜೀವಂತ ಮೊಟ್ಟೆ, ಬಿಸಿಲಿಗಿಡಬೇಡಿ” ಎಂದು ದೊಡ್ಡದಾಗಿ ಬರೆಸಿ, ತಲುಪಿದ ಕೂಡಲೇ ಖುದ್ದಾಗಿ ಹೋಗಿ ಪಡೆಯತಕ್ಕದ್ದು. ದೂರದ ಊರಿನವರು ಮೊಟ್ಟೆಯ ಬದಲು ಹತ್ತಿರದ ಚಾಕಿ ಸಾಕಾಣಿಕಾ ಕೇಂದ್ರದಿಂದ ಎರಡನೇ ಜ್ವರದಲ್ಲಿರುವ ಹುಳುಗಳನ್ನು ಪಡೆಯುವುದು ಹೆಚ್ಚು ಸುರಕ್ಷಿತ.

ಮನೆ ತಲುಪಿದ ನಂತರ

ಮೊದಲೇ ಸೋಂಕು ನಿವಾರಣೆ ಮಾಡಿ, ಔಷಧದ ಘಾಟು ಹೋಗಿರುವ ಕೊಠಡಿಯಲ್ಲಿ ಮೊಟ್ಟೆಗಳನ್ನು ಒಂದೇ ಪದರವಾಗಿ ಹರಡಬೇಕು. ಕಪ್ಪು ಚುಕ್ಕೆ ಕಂಡಾಗ ಕಪ್ಪು ಬಟ್ಟೆ ಅಥವಾ ಕಾಗದದಿಂದ ಮುಚ್ಚಿ ಕತ್ತಲೆಯಲ್ಲಿರಿಸಿ, ಮರಿಯಾಗುವ ದಿನ ಬೆಳಗಿನ ಜಾವ ಬೆಳಕಿಗೆ ಒಡ್ಡಿದರೆ ಮರಿಗಳು ಒಟ್ಟಾಗಿ ಹೊರಬರುತ್ತವೆ.

ಹೆಚ್ಚಿನ ಮೊಟ್ಟೆಗಳು ಮರಿಯಾಗದೆ ಉಳಿದಲ್ಲಿ ಹಾಳೆಯನ್ನು ಎಸೆಯಬಾರದು. ಹಳದಿಯಾಗಿಯೇ ಉಳಿದು ಕುಗ್ಗಿದ ಮೊಟ್ಟೆ ಸಾಮಾನ್ಯವಾಗಿ ಫಲಿತವಾಗದ್ದು. ಅದಕ್ಕೆ ಸಾಗಾಣಿಕೆ ಕಾರಣವಲ್ಲ. ಚುಕ್ಕೆ ಮೂಡಿ ಅಥವಾ ನೀಲಿಯಾಗಿ ನಿಂತುಹೋದದ್ದು ನಂತರ ಸತ್ತ ಮೊಟ್ಟೆ. ಶಾಖ ಅಥವಾ ತೇವಾಂಶದ ಕೊರತೆಯನ್ನು ಅಲ್ಲಿ ಶಂಕಿಸಬೇಕಾಗುತ್ತದೆ. ಹಾಳೆ, ಚೀಟಿ ಮತ್ತು ರಸೀದಿಯೊಂದಿಗೆ ಸಮೀಪದ ತಾಂತ್ರಿಕ ಸೇವಾ ಕೇಂದ್ರದ ರೇಷ್ಮೆ ವಿಸ್ತರಣಾಧಿಕಾರಿಯವರನ್ನು ತಡಮಾಡದೆ ಸಂಪರ್ಕಿಸತಕ್ಕದ್ದು.