ಎರಡೇ ಎರಡು ಸೊಳ್ಳೆ

ಚಿಕ್ಕಪ್ಪನ ಮಗಳು ಡಾಕ್ಟರ್, ಎಂಡಿ ಓದ್ತಿದ್ದಾಳೆ. ಮೊನ್ನೆ ಭಾನುವಾರ ಇಂದಿರಾನಗರದ ನಮ್ಮ ಮನೆಗೆ ಲ್ಯಾಪ್‌ಟಾಪ್ ಹಿಡ್ಕೊಂಡು ಬಂದಳು. ಎಕ್ಸೆಲ್ ಶೀಟಿನಲ್ಲಿ ನಲವತ್ತು ಜರ್ನಲ್‌ಗಳು. ಇಂಪ್ಯಾಕ್ಟ್ ಫ್ಯಾಕ್ಟರ್, ಫೀಸು, ಉತ್ತರ ಬರೋಕೆ ಎಷ್ಟು ದಿನ. ‘ಅಣ್ಣಾ, ಯಾವುದಕ್ಕೆ ಕಳಿಸ್ಲಿ? ಒಂದು ಫಾರ್ಮುಲಾ ಹಾಕ್ಕೊಡು.’ ಹಾಕಿಕೊಟ್ಟೆ. ಆಮೇಲೆ ರೊನಾಲ್ಡ್ ರಾಸ್ ಕಥೆ ಹೇಳಿದೆ.

1895ರ ಸೆಪ್ಟೆಂಬರ್‌ನಲ್ಲಿ ಕಾಲರಾ ಹತೋಟಿಗೆ ತರಲು ಸರ್ಕಾರ ರಾಸ್‌ನನ್ನು ಬೆಂಗಳೂರಿಗೆ ಕಳಿಸಿತು. ಅವನ ತಲೆಯಲ್ಲಿದ್ದದ್ದು ಮಲೇರಿಯಾ. 1896ರಲ್ಲಿ ಬೌರಿಂಗ್ ಆಸ್ಪತ್ರೆಯ ಅಸಿಸ್ಟೆಂಟ್ ಸರ್ಜನ್ ಒಬ್ಬರು, ರೋಗಿಯ ರಕ್ತ ಕುಡಿದ ಸೊಳ್ಳೆಗಳಿಂದ ಕಚ್ಚಿಸಿಕೊಳ್ಳಲು ತಾವಾಗಿಯೇ ಕೈ ಚಾಚಿದರು. ಇಂಗ್ಲಿಷ್ ದಾಖಲೆಯಲ್ಲಿ ಅವರು ‘ಅಪ್ಪಿಯಾ’. ನಮ್ಮ ಬಾಯಲ್ಲಿ ಅಪ್ಪಯ್ಯ ಇದ್ದಿರಬೇಕು. ಜ್ವರ ಬರಲಿಲ್ಲ. ಮನುಷ್ಯರ ಮಲೇರಿಯಾ ಹರಡುವುದು ಅನಾಫಿಲಿಸ್ ಸೊಳ್ಳೆ ಮಾತ್ರ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ, ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಕಪ್ಪು ಚುಕ್ಕೆಗಳಿದ್ದ ಕೋಶಗಳು ಕಂಡವು. ಈಗ ಪ್ರಶ್ನೆ, ಎಲ್ಲಿ ಬರೆಯೋದು? ಕಲ್ಕತ್ತೆಯಲ್ಲಿ 1866ರಿಂದ ಬರುತ್ತಿದ್ದ ‘ಇಂಡಿಯನ್ ಮೆಡಿಕಲ್ ಗೆಜೆಟ್’ ಇತ್ತು, ರಾಸ್ ಅದರಲ್ಲಿ ಹಿಂದೆ ಬರೆದೂ ಇದ್ದ. ಆದರೂ ಲಂಡನ್ನಿನ ‘ಬ್ರಿಟಿಷ್ ಮೆಡಿಕಲ್ ಜರ್ನಲ್‌’ಗೆ ಹಡಗಿನಲ್ಲಿ ಕಳಿಸಿದ. ಅವನ ಗುರು ಪ್ಯಾಟ್ರಿಕ್ ಮ್ಯಾನ್ಸನ್ ಇದ್ದದ್ದು ಅಲ್ಲಿ. ಸೊಳ್ಳೆ ಸಿದ್ಧಾಂತ ಅಂದ್ರೆ ನಗುತ್ತಿದ್ದವರೂ ಅಲ್ಲೇ ಇದ್ದರು.

ಡಿಸೆಂಬರ್ 18ರಂದು ಅಚ್ಚಾಯಿತು. ಶೀರ್ಷಿಕೆಯಲ್ಲೇ ‘ಎರಡು ಸೊಳ್ಳೆಗಳಲ್ಲಿ’ ಕಂಡದ್ದು ಅಂತಿತ್ತು. ‘ಮಲೇರಿಯಾ ರಹಸ್ಯ ಬಯಲು’ ಅಂತಲ್ಲ! ಜೊತೆಗೆ, ತಾನೂ ಆ ಕೋಶಗಳನ್ನು ನೋಡಿದ್ದೇನೆ ಎಂದು ಸ್ಮಿತ್ ಎಂಬ ಇನ್ನೊಬ್ಬ ಮಿಲಿಟರಿ ಡಾಕ್ಟರನ ಟಿಪ್ಪಣಿ. ಲಂಡನ್ನಿಗೆ ಹೋದ ಸ್ಲೈಡುಗಳನ್ನು ಮ್ಯಾನ್ಸನ್ ಮತ್ತಿಬ್ಬರು ಪರೀಕ್ಷಿಸಿ ಬರೆದ ಅಭಿಪ್ರಾಯಗಳೂ ಇದ್ದವು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಕೋಡ್ ರಿವ್ಯೂ ಕಾಮೆಂಟ್ ಸಮೇತ ರಿಲೀಸು.

ಅಷ್ಟರಲ್ಲಿ ಸರ್ಕಾರ ಅವನನ್ನು ರಾಜಪುತಾನಾದ ಖೇರ್ವಾಡಾಕ್ಕೆ ಎತ್ತಿಹಾಕಿತ್ತು. ಕೆಲಸ ಅರ್ಧಕ್ಕೇ ನಿಂತಿತ್ತು. 1898ರಲ್ಲಿ ಇಟಲಿಯ ಗ್ರಾಸ್ಸಿ ಅನಾಫಿಲಿಸ್ ಬಗ್ಗೆ ಪ್ರಕಟಿಸಿ, ‘ಮೊದಲು ಯಾರು’ ಅನ್ನೋ ಜಗಳ ಶುರುವಾದಾಗ ರಾಸ್ ಬೆನ್ನಿಗೆ ನಿಂತದ್ದು ಆ ತಾರೀಖು. 1902ರಲ್ಲಿ ನೊಬೆಲ್ ಬಂತು. ಗ್ರಾಸ್ಸಿಗೆ ಪಾಲು ಸಿಗದ್ದು ಅನ್ಯಾಯ ಅಂತಲೇ ನನ್ನ ಅನಿಸಿಕೆ.

ತಂಗಿಗೆ ಹಿಡಿಸಿದ್ದು ಮಾತ್ರ ಅಪ್ಪಯ್ಯನ ಕಥೆ. ಅವಳ ಸಂಶೋಧನೆಯೂ ಅಂಥದ್ದೇ: ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ‘ಇದನ್ನ ಯಾರು ಹಾಕ್ಕೋತಾರೆ, ಬೇರೆ ಲೆಕ್ಕ ಹುಡುಕು’ ಅಂದಿದ್ದಾರಂತೆ ಹಿರಿಯರೊಬ್ಬರು. ಅಪ್ಪಯ್ಯನಿಗೆ ಜ್ವರ ಬರಲಿಲ್ಲ ಅಂತ ಯಾರೋ ಬರೆದಿಟ್ಟಿದ್ದಕ್ಕೇ ತಾನೇ ಇವತ್ತು ನಮಗೆ ಅವರ ಹೆಸರು ಗೊತ್ತಿರೋದು?

ಕಾಫಿ ಕುಡಿದು, ನನ್ನ ಫಾರ್ಮುಲಾ ಅಳಿಸಿ ಹೊಸ ಕಾಲಂ ಸೇರಿಸಿದಳು: ‘ಇದನ್ನು ಓದಬೇಕಾದ ಡಾಕ್ಟರ್‌ಗಳು ಇಲ್ಲಿ ಓದ್ತಾರಾ?’ ಸಂಜೆ ಹೊತ್ತಿಗೆ ನಲವತ್ತರಲ್ಲಿ ಮೂರು ಉಳಿದಿದ್ದವು.