ವಯಸ್ಕರ ಎಡಿಎಚ್‌ಡಿ ಮತ್ತು ಆಟಿಸಂ ತಪಾಸಣೆ

ಬಾಲ್ಯದಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದ ಗಮನಕೊರತೆ–ಅತಿಚಟುವಟಿಕೆಯನ್ನು (ಎಡಿಎಚ್‌ಡಿ) ಅಥವಾ ಆಟಿಸಂ ಅನ್ನು ದೊಡ್ಡವರಲ್ಲಿ ಗುರುತಿಸುವ ಕೆಲಸ. ಇದನ್ನು ಕ್ಲಿನಿಕಲ್ ಸೈಕಾಲಜಿಸ್ಟರೂ ಮನೋವೈದ್ಯರೂ ಮಾಡುತ್ತಾರೆ. ಔಷಧಿ ಬರೆದುಕೊಡುವುದು ಮನೋವೈದ್ಯರ ಕೆಲಸ. ದೀರ್ಘ ಸಂದರ್ಶನ, ಮನೋಪರೀಕ್ಷೆ ಮತ್ತು ಲಿಖಿತ ವರದಿಯ ಹೊಣೆ ಹೆಚ್ಚಾಗಿ ಸೈಕಾಲಜಿಸ್ಟರದು.

ಇವೆರಡನ್ನೂ ಬಹುಕಾಲ ಮಕ್ಕಳ ಸಮಸ್ಯೆಗಳೆಂದೇ ತಿಳಿಯಲಾಗಿತ್ತು. 1943ರಲ್ಲಿ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಕುರಿತು ಬರೆದದ್ದು 11 ಮಕ್ಕಳನ್ನು ನೋಡಿ. ಬ್ರಿಟನ್ನಿನ ಮನೋವೈದ್ಯೆ ಲೋರ್ನಾ ವಿಂಗ್ 1981ರ ತಮ್ಮ ಪ್ರಬಂಧದಲ್ಲಿ ವಯಸ್ಕರನ್ನೂ ಸೇರಿಸಿಕೊಂಡರು. 2013ರಲ್ಲಿ ಬಂದ, ಮನೋವೈದ್ಯರು ರೋಗನಿರ್ಣಯಕ್ಕೆ ಬಳಸುವ ಡಿಎಸ್‌ಎಂ-5 ಕೈಪಿಡಿ ಎರಡು ಮುಖ್ಯ ಬದಲಾವಣೆ ತಂದಿತು. ಒಬ್ಬರಲ್ಲೇ ಎಡಿಎಚ್‌ಡಿ, ಆಟಿಸಂ ಎರಡೂ ಇರಬಹುದೆಂದು ಒಪ್ಪಿತು. 17 ತುಂಬಿದವರಿಗೆ ಎಡಿಎಚ್‌ಡಿಯ ಆರರ ಬದಲು ಐದು ಲಕ್ಷಣ ಸಾಕೆಂದಿತು. ಆದರೆ ಕೆಲವು ಲಕ್ಷಣಗಳಾದರೂ 12 ವರ್ಷಕ್ಕೆ ಮೊದಲೇ ಇದ್ದಿರಬೇಕು.

ಈ ಷರತ್ತೇ ತಪಾಸಣೆಯ ತಿರುಳು. ರಕ್ತಪರೀಕ್ಷೆಯಿಂದಾಗಲಿ ಮೆದುಳಿನ ಸ್ಕ್ಯಾನ್‌ನಿಂದಾಗಲಿ ಎಡಿಎಚ್‌ಡಿ, ಆಟಿಸಂ ಗೊತ್ತಾಗುವುದಿಲ್ಲ. ಆದ್ದರಿಂದ ಸೈಕಾಲಜಿಸ್ಟರು ಹಳೆಯ ಅಂಕಪಟ್ಟಿ ತರಹೇಳುತ್ತಾರೆ. ಅಂಕಕ್ಕಿಂತ ಹೆಚ್ಚಾಗಿ ಅವರು ನೋಡುವುದು ಮೇಷ್ಟ್ರು ಅಂಚಿನಲ್ಲಿ ಬರೆದ ಷರಾವನ್ನು: ‘ಬುದ್ಧಿವಂತ, ಆದರೆ ಪಾಠದ ಕಡೆ ಗಮನವಿಲ್ಲ’ ಎಂಬಂಥ ಮಾತು ಮೂರು ನಾಲ್ಕು ತರಗತಿಗಳಲ್ಲಿ ಮರುಕಳಿಸಿದರೆ ಅದಕ್ಕೆ ತೂಕವಿದೆ. ತಾಯಿಯನ್ನೋ ಅಣ್ಣ-ಅಕ್ಕಂದಿರನ್ನೋ ಕೂರಿಸಿಕೊಂಡು ವಿಚಾರಿಸುವುದೂ ಇದಕ್ಕೇ. ಆಟಿಸಂ ತಪಾಸಣೆಯ ಎಡಿಒಎಸ್-2 ವಿಧಾನದಲ್ಲಿ ಬರೀ ಚಿತ್ರಗಳಿರುವ ಪುಸ್ತಕ ತೋರಿಸಿ ಕಥೆ ಹೇಳಿಸುತ್ತಾರೆ. ಬ್ರಷ್ಷು, ಪೇಸ್ಟು ಏನೂ ಇಲ್ಲದೆ ಹಲ್ಲುಜ್ಜುವುದನ್ನು ಅಭಿನಯಿಸಿ ತೋರಿಸಲು ಕೇಳುತ್ತಾರೆ. ಇಲ್ಲಿ ಉತ್ತರ ಸರಿಯೋ ತಪ್ಪೋ ಎಂಬುದು ಮುಖ್ಯವಲ್ಲ. ಮಾತಿಗೆ ಕೈಸನ್ನೆ ಜೊತೆಯಾಗುತ್ತದೆಯೇ, ನೋಟ ಎತ್ತ ಹೋಗುತ್ತದೆ ಎಂಬುದನ್ನು ಗಮನಿಸಲಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 18 ಪ್ರಶ್ನೆಗಳ ಎಎಸ್‌ಆರ್‌ಎಸ್ ಪಟ್ಟಿ ಪ್ರಾಥಮಿಕ ಜರಡಿ ಮಾತ್ರ. ನಿದ್ದೆಗೇಡು, ಆತಂಕ, ಖಿನ್ನತೆ, ಥೈರಾಯ್ಡ್ ತೊಂದರೆಗಳಲ್ಲಿಯೂ ಗಮನ ಕದಡುತ್ತದೆ. ಅವನ್ನು ಬೇರ್ಪಡಿಸದೆ ಬರೀ ಅಂಕ ನೋಡಿ ಬರೆದ ವರದಿ ನಂಬಲರ್ಹವಲ್ಲ. ಹೆಂಗಸರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಚಿಕ್ಕಂದಿನಿಂದಲೇ ಇತರರನ್ನು ನೋಡಿ ನಡೆನುಡಿ ರೂಢಿಸಿಕೊಂಡವರಲ್ಲಿ ಆಟಿಸಂ ಮೇಲ್ನೋಟಕ್ಕೆ ಕಾಣದು. ಅವರು ಪಡುವ ಶ್ರಮ ಮಾತ್ರ ಕಡಿಮೆಯದಲ್ಲ.

ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಯ ವೃತ್ತಿಶಿಕ್ಷಣ ಬೇರುಬಿಟ್ಟ ಊರುಗಳಲ್ಲಿ ಬೆಂಗಳೂರು ಮುಖ್ಯವಾದುದು. ಇಂದಿನ ನಿಮ್ಹಾನ್ಸ್‌ನ ಪೂರ್ವರೂಪವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1954ರಲ್ಲಿ ಇಲ್ಲಿ ಆರಂಭವಾಯಿತು. ಕ್ಲಿನಿಕಲ್ ಸೈಕಾಲಜಿಸ್ಟರ ನೋಂದಣಿಯನ್ನು 1992ರ ಕಾಯ್ದೆಯಡಿ ರಚಿತವಾದ ಭಾರತೀಯ ಪುನರ್ವಸತಿ ಪರಿಷತ್ತು ನೋಡಿಕೊಳ್ಳುತ್ತ ಬಂದಿದೆ. ತಪಾಸಣೆಗೆ ಹೋಗುವವರು ಆ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆಯಬೇಕು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಅಂಗವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಎಡಿಎಚ್‌ಡಿಗೆ ಅದರಲ್ಲಿ ಪ್ರತ್ಯೇಕ ಸ್ಥಾನವಿಲ್ಲ.