ಯಾಕೂತಿಯದ ಕುದುರೆ

ಕಾವ್ಯದ ಅಶ್ವಗಳನ್ನು ಬಲ್ಲವರು ಸೈಬೀರಿಯದ ಈಶಾನ್ಯದಲ್ಲಿರುವ ಯಾಕೂತಿಯದ ಕುದುರೆಯನ್ನು ಕಂಡರೆ ನಕ್ಕಾರು. ಗಿಡ್ಡ ಮೈ, ಮೋಟು ಕಾಲು, ದಪ್ಪ ಕತ್ತು. ಚಳಿಗಾಲದಲ್ಲಿ ಕರಡಿಯಂಥ ಕೂದಲು. ಆದರೆ ಅದರ ನಾಡಿನ ಓಯ್ಮ್ಯಕೋನಿನಲ್ಲಿ 1933ರಲ್ಲಿ ಉಷ್ಣತೆ ಸೊನ್ನೆಗಿಂತ 67 ಡಿಗ್ರಿಗೂ ಕೆಳಗೆ ಇಳಿದಿತ್ತು. ಅಂಥಲ್ಲಿ ಈ ಪ್ರಾಣಿ ವರ್ಷವೆಲ್ಲ ಬಯಲಿನಲ್ಲೇ ಕಳೆಯುತ್ತದೆ. ಗೊರಸಿನಿಂದ ಹಿಮವನ್ನು ಕೆದರಿ ಅಡಿಯ ಒಣಹುಲ್ಲನ್ನು ಮೇಯುತ್ತದೆ. ಬೇಸಗೆಯ ಅಲ್ಪಾವಧಿಯಲ್ಲಿ ಕೂಡಿಟ್ಟ ಕೊಬ್ಬೇ ಅದರ ಕಣಜ.

ಇದು ಮ್ಯಾಮತ್ ಆನೆಗಳ ಕಾಲದ ಕುದುರೆಯ ನೇರ ಸಂತತಿಯೆಂದು ನಂಬಿದವರುಂಟು. ನಂಬಿಕೆ ಅಸಹಜವೇನಲ್ಲ, ಅಲ್ಲಿನ ಹೆಪ್ಪುಗಟ್ಟಿದ ಮಣ್ಣಿನಲ್ಲಿ, ಬತಗಾಯ್ ಬಳಿ, ಸುಮಾರು 42,000 ವರ್ಷಗಳಷ್ಟು ಹಳೆಯ ಕುದುರೆಮರಿಯೊಂದು 2018ರಲ್ಲಿ ಸಿಕ್ಕಿತು. ಆದರೆ ಅದಕ್ಕೂ ಮೊದಲೇ, 2015ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನವೊಂದು ಬೇರೆಯೇ ಕಥೆ ಹೇಳಿತ್ತು. ಆ ಪ್ರಾಚೀನ ಕುಲ ಅಳಿದುಹೋಯಿತು. ಇಂದಿನ ಕುದುರೆಗಳು ಸುಮಾರು 13ರಿಂದ 15ನೆಯ ಶತಮಾನಗಳ ನಡುವೆ ದಕ್ಷಿಣದಿಂದ ವಲಸೆ ಬಂದ ಸಖಾ ಜನರೊಡನೆ ಬಂದವು. ಅಂದರೆ ಈ ರೋಮ, ಈ ಗಾತ್ರ, ಶೀತವನ್ನು ತಾಳುವ ಈ ದೇಹಧರ್ಮ ಎಂಟು ಶತಮಾನಗಳೊಳಗಿನ ಗಳಿಕೆ. ಪುರಾತನತೆಯ ಹಿರಿಮೆ ಹೋಯಿತೆಂದು ಕೆಲವರು ಮರುಗಬಹುದು. ನನಗಾದರೋ ಈ ನಿಜವೇ ಹೆಚ್ಚು ಬೆರಗಿನದು.

ತುರ್ಕಿ ಮೂಲದ ನುಡಿಯಾಡುವ ಸಖಾ ಜನರ ಮೌಖಿಕ ಮಹಾಕಾವ್ಯ 'ಒಲೊಂಖೊ'ದಲ್ಲಿ ವೀರನ ಕುದುರೆ ಮಾತನಾಡುತ್ತದೆ, ಅವನಿಗೆ ಬುದ್ಧಿಯನ್ನೂ ಹೇಳುತ್ತದೆ. ಕುದುರೆಯನ್ನು ಕರುಣಿಸುವ ದೈವವೊಂದು ಅವರಿಗಿದೆ. ಅದರ ಮಾಂಸವೂ ಅವರ ಆಹಾರವೇ. ನಮಗೆ ಇದು ವಿರೋಧವೆನಿಸೀತು, ಬೆಳೆ ವಿರಳವಾದ ಆ ನೆಲದವರಿಗೆ ಹಾಗೆನಿಸದು. ಮನೆಯ ಮುಂದೆ ಕೆತ್ತನೆಯ ಕುದುರೆಗಂಬ ನೆಡುತ್ತಾರೆ. ಜೂನ್ ತಿಂಗಳ 'ಇಸ್ಯಾಖ್' ಹಬ್ಬದಲ್ಲಿ ಹೆಣ್ಗುದುರೆಯ ಹುಳಿಹಾಲನ್ನು ನೆಲಕ್ಕೂ ಬೆಂಕಿಗೂ ಚಿಮುಕಿಸಿ, ಆಮೇಲೆ ತಾವು ಕುಡಿಯುತ್ತಾರೆ.